ಹಾವಿನ ಮೊಟ್ಟೆ ಗೊಡ್ಡೋ, ಒಳಗೆ ಜೀವವಿದೆಯೋ? ನನ್ನ ಅನುಭವ

ಸಾಕಿದ ಹಾವು ಮೊಟ್ಟೆ ಇಟ್ಟಿತು ಅಂದರೆ ಮೊದಲ ಪ್ರಶ್ನೆ ಒಂದೇ. ಇವು ಮರಿಯಾಗುತ್ತವಾ, ಗೊಡ್ಡಾ? ಮೇಲ್ನೋಟಕ್ಕೇ ತೀರ್ಪು ಕೊಡುವವರು ಜಾಸ್ತಿ. ನಾನು ಟಾರ್ಚ್ ಹಿಡಿದು ನೋಡುವ ತನಕ ಬಾಯಿ ಬಿಡುವುದಿಲ್ಲ. ನೋಡಿದ ಮೇಲೂ ಯಾವ ಮೊಟ್ಟೆಯನ್ನೂ ಅವತ್ತೇ ಎಸೆಯುವುದಿಲ್ಲ.

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಇಲ್ಲಿ ಬಾಲ್ ಪೈಥಾನ್ ಸಾಕುವುದು ದೊಡ್ಡ ವಿಷಯವೇನಲ್ಲ, ಪ್ರಾಣಿಗಳ ಅಂಗಡಿಯಲ್ಲೇ ಸಿಗುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು ಇದು. ನಮ್ಮ ಹೆಬ್ಬಾವಿನ ದಾಯಾದಿ, ಆದರೆ ಬೆಳೆದರೂ ನಾಲ್ಕೈದು ಅಡಿ ಅಷ್ಟೆ. ವಿಷ ಇಲ್ಲ, ಸ್ವಭಾವ ಸಾಧು.

ಮೊಟ್ಟೆಯ ಲೆಕ್ಕ ಮೊಟ್ಟೆ ಇಡುವ ಮೊದಲೇ ಶುರುವಾಗುತ್ತದೆ. ಹೆಣ್ಣು ಒಂದೂವರೆ ಕೆಜಿ ತೂಗುವ ತನಕ ನಾನು ಗಂಡಿನ ಜೊತೆ ಬಿಟ್ಟಿರಲಿಲ್ಲ. ಬಿಟ್ಟ ಮೇಲೆ ಎರಡೂ ಸೇರಿದ್ದನ್ನು ಕಂಡೆ. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅದರ ನಡುಮೈ ದಪ್ಪಗೆ ಉಬ್ಬಿತ್ತು. ಅದು ಊಟ ಬಿಟ್ಟು ಎಷ್ಟೋ ದಿನವಾಗಿತ್ತು, ಹಾಗಾಗಿ ಇಲಿ ನುಂಗಿದ ಉಬ್ಬಲ್ಲ. ಅಂಡಗಳು ಬಿಡುಗಡೆಯಾಗುವ ಹೊತ್ತು ಅದು. ಒಂದು ದಿನ ಇದ್ದು ಉಬ್ಬು ಇಳಿದುಹೋಗುತ್ತದೆ. ಅಲ್ಲಿಂದ ಎರಡು ಮೂರು ವಾರಕ್ಕೆ ಪೊರೆ ಬಿಡುತ್ತದೆ. ಪೊರೆ ಬಿಟ್ಟು ಸುಮಾರು 30 ದಿನಕ್ಕೆ ಮೊಟ್ಟೆ.

ಗಂಡಿನ ಜೊತೆ ಸೇರಿತು ಅಂದ ಮಾತ್ರಕ್ಕೆ ಎಲ್ಲ ಮೊಟ್ಟೆಯೂ ಮರಿಯಾಗುತ್ತದೆ ಅಂತಲ್ಲ. ಸೇರಿಲ್ಲ ಅಂದ ಮಾತ್ರಕ್ಕೆ ಎಲ್ಲ ಗೊಡ್ಡು ಅಂತಲೂ ಅಲ್ಲ. ಎಷ್ಟೋ ಜಾತಿಯ ಹೆಣ್ಣು ಹಾವುಗಳು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಮೈಯೊಳಗೇ ಕಾಪಾಡಿಕೊಳ್ಳುತ್ತವೆ. 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದ ಅಜ್ಜಿ ಬಾಲ್ ಪೈಥಾನ್ ಸುದ್ದಿಯಾಗಿತ್ತು. ವಯಸ್ಸು 60 ದಾಟಿತ್ತು, ಕನಿಷ್ಠ 15 ವರ್ಷದಿಂದ ಗಂಡಿನ ಮುಖ ನೋಡಿರಲಿಲ್ಲ. ಆದರೂ 7 ಮೊಟ್ಟೆ ಇಟ್ಟಿತು, ಅವುಗಳಲ್ಲಿ ಕೆಲವು ಬೆಳೆದವು ಕೂಡ! ಗಂಡಿನ ನೆರವೇ ಇಲ್ಲದೆ ಮರಿ ಆಗುವುದೂ ಹಾವುಗಳಲ್ಲಿ ಉಂಟು. ಅಪರೂಪ, ಅಷ್ಟೆ.

ನಮ್ಮ ಹಾವು ರಾತ್ರಿ ಹೊತ್ತಲ್ಲಿ ಮೊಟ್ಟೆ ಇಟ್ಟು, ಅವುಗಳ ಸುತ್ತ ಸಿಂಬೆ ಸುತ್ತಿಕೊಂಡು ಮಲಗಿತ್ತು. ತಾಯಿಯನ್ನು ಎತ್ತುವಾಗ ಅವಸರ ಮಾಡಬಾರದು. ಬಾಲದ ಕಡೆಯಿಂದ ಒಂದೊಂದೇ ಸುತ್ತು ಬಿಡಿಸಬೇಕು. ಎಳೆದರೆ ಮೊಟ್ಟೆ ಉರುಳುತ್ತದೆ. ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೊಂಚಲಾಗಿದ್ದವು. ನಾನು ಬಿಡಿಸಲು ಹೋಗಲಿಲ್ಲ, ಸಿಪ್ಪೆ ಹರಿದರೆ ಮುಗಿಯಿತು. ಗೊಂಚಲನ್ನು ಇದ್ದ ಹಾಗೇ ಎತ್ತಿ ಡಬ್ಬಿಗೆ ಇಟ್ಟು, ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟೆ.

ಆ ಚುಕ್ಕೆ ಬಹಳ ಮುಖ್ಯ. ಕೋಳಿ ಮೊಟ್ಟೆಯನ್ನು ತಾಯಿಕೋಳಿ ದಿನಾ ಹೊರಳಿಸುತ್ತದೆ. ಹಾವಿನ ಮೊಟ್ಟೆ ಹಾಗಲ್ಲ. ಒಳಗಿನ ಭ್ರೂಣ ಮೇಲ್ಭಾಗದಲ್ಲಿ ಸಿಪ್ಪೆಯ ಒಳಪೊರೆಗೆ ಅಂಟಿಕೊಂಡು ಬೆಳೆಯುತ್ತದೆ. ತಿರುಗಿಸಿಬಿಟ್ಟರೆ ಅಲ್ಲೇ ಸಾಯಬಹುದು. ಊರಿನಿಂದ ಅಮ್ಮ ಫೋನಿನಲ್ಲಿ, "ನೀರಿಗೆ ಹಾಕಿ ನೋಡೋ, ತೇಲಿದ್ರೆ ಕೆಟ್ಟಿದೆ ಅಂತ" ಅಂದರು. ಮನೆಯಲ್ಲಿ ಕೋಳಿ ಸಾಕಿದವರು ಹೇಳುವ ಮಾತೇ ಅದು. ಹಾವಿನ ಮೊಟ್ಟೆಗೆ ದಯವಿಟ್ಟು ಬೇಡ. ಇದರ ಸಿಪ್ಪೆ ಗಟ್ಟಿ ಸುಣ್ಣದ್ದಲ್ಲ, ಮೆತ್ತನೆ ತೊಗಲಿನಂಥದ್ದು. ನೀರು ಹೀರಿಕೊಳ್ಳುತ್ತದೆ.

ಕೆಲವನ್ನು ಟಾರ್ಚ್ ಇಲ್ಲದೆಯೂ ಹೇಳಬಹುದು. ಅಳತೆಯಲ್ಲಿ ಚಿಕ್ಕದು, ಹಳದಿ ಬಣ್ಣ, ಮುಟ್ಟಿದರೆ ಮೇಣದ ಗಟ್ಟಿತನ, ಸಿಪ್ಪೆಯೇ ಸರಿಯಾಗಿ ಕೂಡಿರುವುದಿಲ್ಲ. ಇಲ್ಲಿನವರು ಅದಕ್ಕೆ ಸ್ಲಗ್ ಅನ್ನುತ್ತಾರೆ. ಅದು ಖಂಡಿತ ಗೊಡ್ಡು. ನನ್ನ ಗೊಂಚಲಿನಲ್ಲಿ ಅಂಥದ್ದು ಇರಲಿಲ್ಲ. ಎಲ್ಲವೂ ದೊಡ್ಡವು, ಬಿಳಿ. ತೊಡಕು ಬರುವುದೇ ಅಲ್ಲಿ.

ಕೋಣೆಯ ದೀಪ ಆರಿಸಿ, ಪರದೆ ಎಳೆದು, ಚಿಕ್ಕ ಎಲ್‌ಇಡಿ ಟಾರ್ಚ್ ತಗೊಂಡೆ. ಬಿಸಿಯಾಗುವ ಹಳೇ ಬಲ್ಬಿನ ಟಾರ್ಚ್ ಬೇಡ. ಮೊಟ್ಟೆಯನ್ನು ಎತ್ತುವ ಅಗತ್ಯವೇ ಇಲ್ಲ. ಟಾರ್ಚಿನ ಬಾಯಿಯನ್ನು ಪಕ್ಕಕ್ಕೆ ತಾಗಿಸಿ ಹಿಡಿದರೆ ಮೊಟ್ಟೆ ಪೂರ್ತಿ ಒಳಗಿಂದ ಬೆಳಗುತ್ತದೆ. ಮೊದಲನೆಯದರಲ್ಲೇ ಕಂಡಿತು. ನಸುಗೆಂಪು ಬೆಳಕು, ಅದರ ಮಧ್ಯೆ ಸಣ್ಣ ಸಣ್ಣ ಕೆಂಪು ನಾಳಗಳು, ಕೊಳೆತ ಅರಳಿ ಎಲೆಯಲ್ಲಿ ನರ ಮಾತ್ರ ಉಳಿದ ಹಾಗೆ ಕವಲೊಡೆದಿದ್ದವು. ಬಾಲ್ ಪೈಥಾನ್‌ನ ವಿಷಯದಲ್ಲಿ ಇದೊಂದು ಅನುಕೂಲ. ಮೊಟ್ಟೆ ಹೊರಗೆ ಬರುವಾಗಲೇ ಭ್ರೂಣ ಸ್ವಲ್ಪ ಬೆಳೆದಿರುತ್ತದೆ, ಹಾಗಾಗಿ ಮೊದಲ ದಿನವೇ ನಾಳ ಕಾಣಬಹುದು. ಕಾರ್ನ್ ಸ್ನೇಕ್ ಎಂಬ ಇನ್ನೊಂದು ಜಾತಿಯ ಹಾವು ಸಾಕಿದವರು ಒಂದು ವಾರವಾದರೂ ತಡೆದುಕೊಳ್ಳಬೇಕು. ಮೊದಲ ದಿನ ಏನೂ ಕಾಣಲಿಲ್ಲ ಅಂತ ಬೇಜಾರಾಗಬೇಡಿ.

ಗೊಂಚಲಿನಲ್ಲಿ ಎರಡರ ಮೇಲೆ ನನ್ನ ಕಣ್ಣಿತ್ತು. ಒಂದು ಎಲ್ಲಕ್ಕಿಂತ ಚಂದದ ಮೊಟ್ಟೆ. ಅಚ್ಚ ಬಿಳಿ, ತುಂಬಿ ಬಿಗಿಯಾಗಿತ್ತು. ಇನ್ನೊಂದು ಒಂದು ಕಡೆ ಚಪ್ಪಟೆ, ಮೇಲೆ ಕಂದು ಕಲೆ, ಸಿಪ್ಪೆ ಅಲ್ಲಲ್ಲಿ ತೆಳುವಾಗಿ ಒಳಗಿನದು ಮಸುಕಾಗಿ ಕಾಣುತ್ತಿತ್ತು. ಬೆಳಕು ಹಿಡಿದರೆ ಕಥೆ ಉಲ್ಟಾ. ಚಂದದ ಮೊಟ್ಟೆಯಲ್ಲಿ ಬರೀ ಹಳದಿ ಬೆಳಕು, ಒಂದು ಗೆರೆಯೂ ಇಲ್ಲ. ಕಲೆಯ ಮೊಟ್ಟೆಯಲ್ಲಿ ನಾಳಗಳು ಚೆನ್ನಾಗೇ ಹರಡಿದ್ದವು. ಆದರೂ ಹಳದಿಯದನ್ನು ನಾನು ತೆಗೆಯಲಿಲ್ಲ. ನಾಳ ಬೆನ್ನಿನ ಕಡೆ ಇದ್ದರೆ ಕಾಣದೇ ಇರಬಹುದು. ಅಂಟಿಕೊಂಡಿರುವಾಗ ಕಿತ್ತರೆ ಪಕ್ಕದ್ದಕ್ಕೂ ಅಪಾಯ.

ಡಬ್ಬಿಯೊಳಗೆ ಒದ್ದೆ ವರ್ಮಿಕ್ಯುಲೈಟ್ (ತೇವ ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಹರಳು) ಹಾಕಿದ್ದೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಒದ್ದೆ ಸಾಕು. ಡಬ್ಬಿ ಇಟ್ಟ ಕಾವಿನ ಪೆಟ್ಟಿಗೆಯ ಶಾಖ 31ರಿಂದ 32 ಡಿಗ್ರಿ ಸೆಲ್ಸಿಯಸ್. ಥರ್ಮೋಸ್ಟ್ಯಾಟ್‌ನ ಶಾಖ ಅಳೆಯುವ ತಂತಿ ಮೊಟ್ಟೆಗಳ ಪಕ್ಕದಲ್ಲೇ ಇರಬೇಕು, ಪೆಟ್ಟಿಗೆಯ ಮೂಲೆಯಲ್ಲಿ ಅಲ್ಲ. ಮುಚ್ಚಳದಿಂದ ಹನಿ ಮೊಟ್ಟೆ ಮೇಲೆ ಬೀಳದಂತೆ ಡಬ್ಬಿಯನ್ನು ಸ್ವಲ್ಪ ಓರೆ ಇಟ್ಟೆ.

ವಾರಕ್ಕೊಮ್ಮೆ ನೋಡಿದರೆ ಸಾಕು. ದಿನಾ ಮುಚ್ಚಳ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೂರನೇ ವಾರದ ಹೊತ್ತಿಗೆ ಚಂದದ ಮೊಟ್ಟೆ ಕುಸಿಯಿತು, ಹಳದಿಗಟ್ಟಿತು, ಹಸಿರು ಬೂಷ್ಟು ಹಿಡಿಯಿತು. ವಾಸನೆಯೂ ಬಂತು. ಆಗ ಮಾತ್ರ ಅದು ಸತ್ತಿದೆ ಅಂತ ಒಪ್ಪಿಕೊಂಡೆ. ಬೂಷ್ಟು ಪಕ್ಕದ್ದಕ್ಕೆ ಹರಡದಂತೆ ಹತ್ತಿಯಲ್ಲಿ ಒರೆಸುತ್ತಾ ಬಂದೆ. ಜೀವವಿರುವ ಮೊಟ್ಟೆ ಬೂಷ್ಟನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಹಾಗಾಗಿ ಬೂಷ್ಟು ಕಂಡ ಕೂಡಲೇ ಗಾಬರಿಯಾಗಿ ಗೊಂಚಲು ಹರಿಯಬೇಡಿ.

ಉಳಿದವುಗಳಲ್ಲಿ ವಾರದಿಂದ ವಾರಕ್ಕೆ ನಾಳ ದಪ್ಪವಾಯಿತು, ಒಂದು ಕಪ್ಪು ನೆರಳು ಸೇರಿಕೊಂಡಿತು. ಕೊನೆಗೆ ಬೆಳಕೇ ದಾಟದಷ್ಟು ಒಳಗೆಲ್ಲ ಕತ್ತಲಾಯಿತು. ಅದು ಒಳ್ಳೆಯ ಲಕ್ಷಣ. ಮಧ್ಯದಲ್ಲಿ ಸತ್ತರೆ ನಾಳಗಳು ಮಸುಕಾಗಿ ತುಂಡಾಗುತ್ತವೆ, ಕೆಂಪು ಹೋಗಿ ಕಂದು ಬರುತ್ತದೆ. ಮೊದಮೊದಲು ಮೊಟ್ಟೆ ತಗ್ಗಾದರೆ ತೇವ ಕಮ್ಮಿ ಅಂತ ಅರ್ಥ. ಕೊನೆಯ ಎರಡು ವಾರದಲ್ಲಿ ತಗ್ಗಾದರೆ ಸಹಜ, ಮರಿ ಬರುವ ಕಾಲ ಬಂತು ಅಂತ ತಿಳಿಯಿರಿ.

ಈ ಶಾಖದಲ್ಲಿ 55ರಿಂದ 60 ದಿನಕ್ಕೆ ಮರಿ ಮೂತಿಯ ಹಲ್ಲಿನಿಂದ ಸಿಪ್ಪೆ ಸೀಳುತ್ತದೆ. ಕಲೆಯ ಮೊಟ್ಟೆಯೂ ಸೀಳಿತು, ಸ್ವಲ್ಪ ತಡವಾಗಿ. ತಲೆ ಹೊರಗೆ ಹಾಕಿದ ಮರಿ ಒಂದೆರಡು ದಿನ ಹಾಗೇ ಕೂತಿರುತ್ತದೆ, ಒಳಗೆ ಉಳಿದ ಹಳದಿಯನ್ನು ಹೀರಿಕೊಳ್ಳುತ್ತಿರುತ್ತದೆ. ಎಳೆಯಬೇಡಿ.

ಊರಲ್ಲಿರುವವರಿಗೆ ಒಂದು ಮಾತು. ಇದನ್ನು ಓದಿ ಕೇರೆ ಹಾವಿನ ಮೊಟ್ಟೆ ಮನೆಗೆ ತರಬೇಡಿ. ನಮ್ಮ ದೇಶದ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ 2022ರ ತಿದ್ದುಪಡಿ ಬಂದ ಮೇಲೆ ಸರ್ಕಾರದಲ್ಲಿ ನೋಂದಣಿ ಬೇಕು. ಹಿತ್ತಲಲ್ಲೋ ಇಟ್ಟಿಗೆ ರಾಶಿಯಲ್ಲೋ ಮೊಟ್ಟೆ ಕಂಡರೆ ಟಾರ್ಚ್ ಪರೀಕ್ಷೆ ಬಿಟ್ಟು ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ನಾಗರಹಾವಿನ ಮೊಟ್ಟೆಯಾಗಿದ್ದರೆ ತಾಯಿ ಅಲ್ಲೇ ಕಾವಲಿರುತ್ತದೆ.