ಮಳೆಗಾಲದಲ್ಲಿ ಕ್ಯಾಂಪರ್ ವ್ಯಾನಿನ ಹಾಸಿಗೆ ಬೂಸ್ಟು ಹಿಡಿಯದಿರಲು

ಪುಣೆಯ ಗೆಳೆಯರೇ, ಈ ಮಳೆಯಲ್ಲಿ ಅಂಬೋಲಿ ಘಾಟ್ ಇಳಿದು ಗೋವಾ ಕಡೆ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ವ್ಯಾನ್) ತಗೊಂಡು ಹೋಗುವವರು ಫ್ರಿಜ್, ಟಿವಿ ಬಗ್ಗೆ ಯೋಚಿಸುವ ಮೊದಲು ಹಾಸಿಗೆ ಎತ್ತಿ ಅಡಿಭಾಗ ನೋಡಿ. ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ. ಮೂಲೆಯಲ್ಲಿ ಕಪ್ಪು ಚುಕ್ಕೆ. ಎಲ್ಲೋ ಸೋರುತ್ತಿದೆ ಅಂದುಕೊಳ್ಳುವವರೇ ಜಾಸ್ತಿ. ಆದರೆ ನಮ್ಮ ಮೈಯ ಆವಿಯೇ ಫೋಮ್ ದಾಟಿ, ಕೆಳಗಿನ ತಣ್ಣನೆಯ ಪ್ಲೈವುಡ್‌ಗೆ ತಾಗಿ ನೀರಾಗುತ್ತದೆ.

ಪ್ಲೈವುಡ್ ತೆಗೆಸಿ, ಎರಡು ಬೆರಳು ಸಂದು ಬಿಟ್ಟು ಮರದ ಪಟ್ಟಿ ಹೊಡೆಸಿ. ಅದಾಗದಿದ್ದರೆ ಪ್ಲೈವುಡ್‌ಗೇ ಅಲ್ಲಲ್ಲಿ ತೂತು ಕೊರೆಸಿ, ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಒರಗಿಸಿ ನಿಲ್ಲಿಸಿ.

ಆಮೇಲೆ ಟಾಪ್‌ಗೆ 12 ವೋಲ್ಟಿನ ಎಕ್ಸಾಸ್ಟ್ ಫ್ಯಾನ್. ನನ್ನ ಪ್ರಕಾರ ಎಸಿಗಿಂತ ಮೊದಲು ಬೇಕಾದ್ದು ಇದೇ. ಒಂದು ಕಿಟಕಿ ಸ್ವಲ್ಪ ತೆರೆದಿಡಿ, ಗಾಳಿ ಒಳಗೆ ಬರಲು ದಾರಿ ಬೇಕಲ್ವಾ? ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ. ಫ್ಯಾನ್ 2 ಆಂಪಿಯರ್ ಎಳೆದರೂ, 8 ಗಂಟೆ ಓಡಿದರೆ ಬ್ಯಾಟರಿಯಿಂದ ಹೋಗುವುದು 16 ಆಂಪಿಯರ್ ಅವರ್ ಅಷ್ಟೇ. 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಗೆ ಅದು ಭಾರವಲ್ಲ. ಫ್ಯೂಸನ್ನು ಮಾತ್ರ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಹಾಕಿಸಿ, ಫ್ಯಾನ್ ಹತ್ತಿರ ಅಲ್ಲ. ವೈರ್ ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಕಾಪಾಡುತ್ತದೆ.

ಗ್ಯಾಸ್ ಉರಿದಾಗಲೂ ನೀರಾವಿ ಬರುತ್ತದೆ. ಚಹಾ ಕಾಯಿಸುವಾಗ ಬಾಗಿಲು ತೆರೆದಿರಲಿ.



ಹಾಸಿಗೆಗೆ ಜಾಗ ಮಾಡಲು ಸೀಟು ತೆಗೆಸುವುದಾದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಕೆಲಸಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.