ಚಾರ್ಜಿಂಗ್ ಸ್ಟಾಪ್‌ಗೆ ರಿವ್ಯೂ ಬರೆಯುವುದು ಹೇಗೆ?

ಕೊಡಗಿನ ದಾರಿಯ ಎಲೆಕ್ಟ್ರಿಕ್ ಕಾರ್ ಚಾರ್ಜರ್‌ಗಳ ಬಗ್ಗೆ ಜನ ಹಾಕುವ ರಿವ್ಯೂ ಓದಿದರೆ ಬೇಜಾರಾಗುತ್ತದೆ. 'ಸೂಪರ್ ಜಾಗ, ಕಾಫಿ ಚೆನ್ನಾಗಿದೆ' ಅಂತ ಐದು ಸ್ಟಾರ್. 'ತುಂಬಾ ಸ್ಲೋ' ಅಂತ ಒಂದು ಸ್ಟಾರ್. ಬ್ಯಾಟರಿ 12%ಕ್ಕೆ ಇಳಿದು, ಸುರಿಯುವ ಮಳೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕುಶಾಲನಗರಕ್ಕೆ ಬರುವವರಿಗೆ ಇದರಿಂದ ಏನು ತಿಳಿಯುತ್ತದೆ? ಅವರಿಗೆ ಬೇಕಾದದ್ದನ್ನು ಬರೆಯೋಣ.

ಮೊದಲು ಫೋಟೊ. ಮೆಷಿನ್ ಮೇಲೆ ಬರೆದಿರುವ ಕಿಲೋವಾಟ್ (ಅಂದರೆ ಚಾರ್ಜಿಂಗ್ ಸ್ಪೀಡ್) ಮತ್ತು ಗನ್, ಅಂದರೆ ಕಾರಿಗೆ ಸಿಕ್ಕಿಸುವ ಪ್ಲಗ್ (ಫಾಸ್ಟ್ ಚಾರ್ಜಿಂಗ್‌ನ ಸಿಸಿಎಸ್2 ಅಥವಾ ನಿಧಾನದ ಟೈಪ್ 2) ಕಾಣಬೇಕು. ಸೆಲ್ಫಿ ಬೇಡ.

ಎರಡನೆಯದು, ಚಾರ್ಜಿಂಗ್ ಶುರುವಾದ ರೀತಿ. ಚಾರ್ಜರ್ ಕಂಪನಿಯ ಆಪ್‌ನಲ್ಲಿ ಹಸಿರು ಇದ್ದ ಮಾತ್ರಕ್ಕೆ ಮೆಷಿನ್ ಓಡುತ್ತದೆ ಅಂತಲ್ಲ. ಯಾವ ಸಿಮ್‌ಗೆ ಸಿಗ್ನಲ್ ಸಿಕ್ಕಿತು, ಒಟಿಪಿ ಬಂತಾ, ಬರೆಯಿರಿ. ಆಪ್‌ನ ವಾಲೆಟ್‌ಗೆ ಮನೆಯಲ್ಲೇ ದುಡ್ಡು ಹಾಕಿಕೊಂಡು ಹೊರಡಿ. ಆರ್‌ಎಫ್‌ಐಡಿ ಕಾರ್ಡ್ (ಆಪ್ ಇಲ್ಲದೆ, ಮೆಷಿನ್‌ಗೆ ತೋರಿಸಿ ಚಾರ್ಜಿಂಗ್ ಶುರು ಮಾಡುವ ಕಾರ್ಡ್) ಕೊಡುವ ಕಂಪನಿಯಾದರೆ ಅದನ್ನು ಖಂಡಿತ ತೆಗೆದುಕೊಳ್ಳಿ. ಮೆಷಿನ್ ಆನ್ ಆಗಲಿಲ್ಲವೇ? 'ಕೆಟ್ಟಿದೆ' ಅಂತ ಬರೆಯುವ ಮುಂಚೆ ಕೆಂಪು ಎಮರ್ಜೆನ್ಸಿ ಬಟನ್ ನೋಡಿ. ಯಾರಾದರೂ ಒತ್ತಿ ಹೋಗಿದ್ದರೆ ಅದು ಒಳಗೇ ಕೂತಿರುತ್ತದೆ. ಹೆಲ್ಪ್‌ಲೈನ್‌ನವರನ್ನು ಕೇಳಿಯೇ ಅದನ್ನು ತಿರುಗಿಸಿ ಬಿಡಿಸಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಮಾಮೂಲು. ಕರೆಂಟ್ ಇಲ್ಲದ್ದಕ್ಕೆ ಚಾರ್ಜರ್‌ನ ಸ್ಟಾರ್ ಕತ್ತರಿಸಬೇಡಿ, ಜನರೇಟರ್ ಇದೆಯಾ ಅಂತ ತಿಳಿಸಿ.

ಮೂರನೆಯದು ಸ್ಪೀಡ್. ಹೆಚ್ಚಿನವರು ಎಡವುವುದು ಇಲ್ಲೇ. ಸ್ಲೋ ಅಂದರೆ ಯಾವುದು ಸ್ಲೋ? ಮೆಷಿನ್ನಾ, ಕಾರಾ, ಪಕ್ಕದ ಗನ್ನಾ? 60 ಕಿಲೋವಾಟ್ ಅಂತ ಬರೆದಿರುವ ಎಷ್ಟೋ ಮೆಷಿನ್‌ಗಳಲ್ಲಿ ಎರಡು ಗನ್ ಇರುತ್ತವೆ. ಇಬ್ಬರೂ ಹಾಕಿದರೆ ತಲಾ 30 ಸಿಗುತ್ತದೆ. ಹಾಗಾಗಿ ಪಕ್ಕದಲ್ಲಿ ಬೇರೆ ಕಾರು ಇತ್ತಾ ಅನ್ನುವುದನ್ನು ಬರೆಯಲೇಬೇಕು. ನಿಮ್ಮ ಕಾರು ಗರಿಷ್ಠ ಎಷ್ಟು ಎಳೆಯುತ್ತದೆ ಅನ್ನುವುದೂ ಬೇಕು. 50 ಎಳೆಯುವ ಕಾರಿಗೆ 120ರ ಮೆಷಿನ್ ಹಾಕಿದರೂ ಬರುವುದು 50ರ ಒಳಗೇ. ಗನ್ ಹಾಕಿದ ತಕ್ಷಣ ಕಾಣುವ ನಂಬರ್ ನಂಬಬೇಡಿ. ಐದು ನಿಮಿಷ ಬಿಟ್ಟು ಮೆಷಿನ್ ಪರದೆ ನೋಡಿ, ಆಗಿನ ಕಿಲೋವಾಟ್ ಬರೆದುಕೊಳ್ಳಿ. ಜೊತೆಗೆ ಶುರುವಿನ ಪರ್ಸೆಂಟ್, ಕೊನೆಯ ಪರ್ಸೆಂಟ್, ಎಷ್ಟು ನಿಮಿಷ, ಎಷ್ಟು ಯೂನಿಟ್.

80% ದಾಟಿದ ಮೇಲಿನ ಲೆಕ್ಕ ಸೇರಿಸಲೇಬೇಡಿ. ಬಸ್ಸು ತುಂಬುತ್ತಾ ಬಂದ ಹಾಗೆ ಹತ್ತಿದವರು ಸೀಟು ಹುಡುಕುವುದು ನಿಧಾನವಾಗುತ್ತದಲ್ಲ, ಬ್ಯಾಟರಿಯೂ ಹಾಗೇ. ಕಾರೇ ಸ್ಪೀಡ್ ಇಳಿಸುತ್ತದೆ, ಮೆಷಿನ್ನಿನ ತಪ್ಪಲ್ಲ. 40 ಯೂನಿಟ್‌ನ (ಕಿಲೋವಾಟ್-ಅವರ್) ಬ್ಯಾಟರಿಯನ್ನು 20ರಿಂದ 80ಕ್ಕೆ ತರಲು 24 ಯೂನಿಟ್ ಬೇಕು. 30 ಕಿಲೋವಾಟ್ ಬರುತ್ತಿದ್ದರೆ 50 ನಿಮಿಷದ ಆಸುಪಾಸು ಆಗುತ್ತದೆ. ನಿಮಗೆ ಅಷ್ಟೇ ಹಿಡಿದಿದ್ದರೆ ಮೆಷಿನ್ ಚೆನ್ನಾಗಿಯೇ ಇದೆ, ಹಾಗಂತಲೇ ಬರೆಯಿರಿ.

ದುಡ್ಡಿನ ವಿಷಯದಲ್ಲಿ ಬೋರ್ಡಿನ ರೇಟ್ ಸಾಲದು. ಯೂನಿಟ್‌ಗೆ 20 ರೂಪಾಯಿ ಅಂತಿದ್ದರೆ 18% ಜಿಎಸ್‌ಟಿ ಸೇರಿ 23.60 ಆಗುತ್ತದೆ. ವಾಲೆಟ್‌ನಿಂದ ಕಡಿತವಾದ ಒಟ್ಟು ಮೊತ್ತ ಬರೆಯಿರಿ.

ಟಾಯ್ಲೆಟ್, ಊಟ, ಮೇಲೆ ಶೀಟ್ ಇದೆಯಾ: ಒಂದೊಂದು ಸಾಲು ಸಾಕು. ರಾತ್ರಿಯ ಬಗ್ಗೆ ಮಾತ್ರ ಬಿಡಿಸಿ ಬರೆಯಿರಿ. ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ, ಲೈಟ್ ಇದೆಯಾ, ಯಾರಾದರೂ ಇರುತ್ತಾರಾ? ಕುಶಾಲನಗರ ಬಿಟ್ಟರೆ ಸುಂಟಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಆನೆಕಾಡು ಸಿಗುತ್ತದೆ. ಚಾರ್ಜರ್ ಮುಚ್ಚಿದೆ ಅಂತ ಕತ್ತಲಲ್ಲಿ ಇನ್ನೊಂದನ್ನು ಹುಡುಕಿಕೊಂಡು ಅಲೆಯುವ ಜಾಗವಲ್ಲ ಅದು.

ಹೋಂಸ್ಟೇಯ 15 ಆಂಪ್ ಸಾಕೆಟ್‌ಗೂ ರಿವ್ಯೂ ಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರಿನ ಜೊತೆ ಬಂದ ಚಾರ್ಜರ್ ಸಾಮಾನ್ಯವಾಗಿ ಕರೆಂಟ್ ತೆಗೆದುಕೊಳ್ಳುವುದಿಲ್ಲ. ಆಗ 'ಅರ್ಥಿಂಗ್ ಇಲ್ಲ' ಅಂತ ಬರೆಯಿರಿ, ಮಾಲೀಕರಿಗೂ ಹೇಳಿ. ಅರ್ಥಿಂಗ್ ಇರುವ ಹಾಗೆ ಚಾರ್ಜರನ್ನು ನಂಬಿಸುವ ಚಿಕ್ಕ ಪ್ಲಗ್ ಮಾರಾಟಕ್ಕಿದೆ. ದಯವಿಟ್ಟು ಕೊಳ್ಳಬೇಡಿ. ಒದ್ದೆ ನೆಲದ ಮೇಲೆ ನಿಂತು ಕಾರು ಮುಟ್ಟಿದವರ ಜೀವಕ್ಕೇ ಅಪಾಯ. ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಬೇಡ, ಗಂಟೆಗಟ್ಟಲೆ ಓಡಿದರೆ ಬಿಸಿಯಾಗಿ ಕರಗಬಹುದು.

ಮುಂದಿನ ದಾರಿಯ ಬಗ್ಗೆಯೂ ಒಂದು ಸಾಲು ಸೇರಿಸಿ. ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಆ ಎತ್ತರ ಹತ್ತುವುದಕ್ಕೇ ಸಾಧಾರಣ ಕಾರಿಗೆ ಒಂದೂವರೆ ಯೂನಿಟ್‌ನಷ್ಟು ಹೆಚ್ಚಿಗೆ ಬೇಕು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವವರಿಗೆ ಉಲ್ಟಾ ಸಲಹೆ ಕೊಡಿ: 100% ತುಂಬಿಸಬೇಡಿ. ಬ್ಯಾಟರಿ ತುಂಬಿದ್ದರೆ ರೀಜನ್‌ನಿಂದ (ಇಳಿಜಾರಿನಲ್ಲಿ ಕಾರಿನ ಮೋಟರ್ ವೇಗ ತಗ್ಗಿಸುತ್ತಾ ಬ್ಯಾಟರಿ ತುಂಬಿಸುವುದು) ಬರುವ ಕರೆಂಟ್‌ಗೆ ಜಾಗವಿರುವುದಿಲ್ಲ, ಬ್ರೇಕ್ ಮೇಲೆ ಭಾರ ಜಾಸ್ತಿ ಬೀಳುತ್ತದೆ. 80-85ಕ್ಕೆ ನಿಲ್ಲಿಸಿದರೆ ಟೈಮೂ ಉಳಿಯುತ್ತದೆ, ಹಿಂದೆ ಕಾಯುತ್ತಿರುವವರಿಗೆ ಗನ್ನೂ ಸಿಗುತ್ತದೆ.

ಬರೆದದ್ದನ್ನು ಆವತ್ತೇ ಹಾಕಿ. ನೀವು ಯಾವ ತಿಂಗಳು, ಯಾವ ಹೊತ್ತಿನಲ್ಲಿ ಹೋಗಿದ್ದಿರಿ ಅಂತ ನಮೂದಿಸಿ. ಮತ್ತೆ ಆ ದಾರಿಯಲ್ಲಿ ಹೋದಾಗ ಕೆಟ್ಟಿದ್ದ ಮೆಷಿನ್ ರಿಪೇರಿಯಾಗಿದ್ದರೆ ಹಳೆಯ ರಿವ್ಯೂ ತಿದ್ದಿ, ಸ್ಟಾರ್ ಏರಿಸಿ.