ಹೊರದೇಶದಿಂದ ದುಡ್ಡು ತರಿಸುವಾಗ ಯಾವ ಕೋಡ್ ಕೊಡಬೇಕು?

ದುಬೈನಿಂದಲೋ ಲಂಡನ್‌ನಿಂದಲೋ ಮಕ್ಕಳು ದುಡ್ಡು ಕಳಿಸುವಾಗ ಸ್ವಿಫ್ಟ್ ಕೋಡ್ (ಹೊರದೇಶದ ವರ್ಗಾವಣೆಯಲ್ಲಿ ಬ್ಯಾಂಕನ್ನು ಗುರುತಿಸುವ ಕೋಡ್) ಕೇಳಿದರೆ ಪಾಸ್‌ಬುಕ್‌ನಲ್ಲಿರುವ ಐಎಫ್‌ಎಸ್‌ಸಿ ಕೊಡಬೇಡಿ. ಅದು ದೇಶದೊಳಗಿನ ವರ್ಗಾವಣೆಗೆ. ಐದನೇ ಜಾಗದಲ್ಲಿ ಸೊನ್ನೆ ಇದ್ದರೆ ಅದು ಐಎಫ್‌ಎಸ್‌ಸಿ. ಸ್ವಿಫ್ಟ್‌ನಲ್ಲಿ ಆ ಜಾಗದಲ್ಲಿ ದೇಶದ ಗುರುತು ಶುರುವಾಗುತ್ತದೆ, ನಮ್ಮದು ‘ಐ-ಎನ್’.

ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರದ್ದು. ಕೊನೆಯ 3 ಶಾಖೆಯದು, ಇಲ್ಲದಿದ್ದರೂ ನಡೆಯುತ್ತದೆ. ಫಾರ್ಮ್‌ನಲ್ಲಿ ‘ಬಿಐಸಿ’ ಅಂತಿದ್ದರೆ ಗಾಬರಿ ಬೇಡ, ಅದೂ ಇದೇ.

ಊರಿನ ಸಣ್ಣ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇಲ್ಲದಿರುವುದೇ ಜಾಸ್ತಿ. ಯಾವುದನ್ನು ಕೊಡಬೇಕೆಂದು ಶಾಖೆಯಲ್ಲೇ ಕೇಳಿ. ಸುಮ್ನೆ ಗೂಗಲ್‌ನಲ್ಲಿ ಸಿಕ್ಕಿದ್ದನ್ನು ನಂಬಬೇಡಿ. ಐಬ್ಯಾನ್ (ಹಲವು ಹೊರದೇಶಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೇಳಿದರೆ? ಭಾರತದಲ್ಲಿ ಅದು ಇಲ್ಲವೇ ಇಲ್ಲ, ಖಾತೆ ಸಂಖ್ಯೆಯನ್ನೇ ಕೊಡಿ.